ಹಸಿರು ದಾರದ ಪೆಟ್ಟಿಗೆ

ನನ್ನ ಕೈಗೊಂದು ಕೆಟ್ಟ ಚಟವಿದೆ. ಎಲ್ಲಿ ಹಣ್ಣು ಕಂಡರೂ ತಿರುವಿ ಅದರ ಅಡಿಭಾಗ ನೋಡಬೇಕು, ಇಲ್ಲದಿದ್ದರೆ ಸಮಾಧಾನವಿಲ್ಲ. ಮದುವೆಮನೆಯ ತಾಂಬೂಲದ ತಟ್ಟೆಯಲ್ಲಿರುವ ಬಾಳೆಹಣ್ಣಾಗಲಿ, ಆಸ್ಪತ್ರೆಯಲ್ಲಿ ರೋಗಿಯ ತಲೆದೆಸೆಯ ಸೇಬಾಗಲಿ, ಬಿಡುವುದಿಲ್ಲ. ಒಮ್ಮೆ ಬೀಗರ ಮನೆಯಲ್ಲಿ ದೇವರ ಮುಂದಿಟ್ಟ ಹಣ್ಣನ್ನೇ ತಿರುವಿ, "ಇದು ಕೆಟ್ಟೈತಿ, ಮೊದಲ ತಗೀರಿ" ಅಂದುಬಿಟ್ಟಿದ್ದೆ. ಬೀಗಿತ್ತಿ ಆಮೇಲೆ ಎರಡು ವರ್ಷ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಮಾತಾಡದಿದ್ದರೆ ಬಿಡಲಿ, ಹಣ್ಣು ಕೆಟ್ಟಿದ್ದಂತೂ ನಿಜ.

ಈ ಚಟ ಅವ್ವನಿಂದ ಬಂದದ್ದು. ಅಪ್ಪ ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಮುಂಬಯಿಗೆ ಬಂದವನು. ಅವ್ವ ಬೈಕುಲ್ಲಾ ಸ್ಟೇಷನ್ನಿನ ಹೊರಗೆ ಬುಟ್ಟಿ ಇಟ್ಟುಕೊಂಡು ಹಣ್ಣು ಮಾರುತ್ತಿದ್ದಳು. ಬೆಳಗ್ಗೆ ಚಹಾ ಕುಡಿಯುವ ಮೊದಲು ನಾವು ಮಕ್ಕಳು ಚಾಳಿನ ಗ್ಯಾಲರಿಯಲ್ಲಿ ಕುಳಿತು ಹಿಂದಿನ ದಿನ ಉಳಿದ ಹಣ್ಣು ಆರಿಸಬೇಕಿತ್ತು. ಕಲೆ ಬಿದ್ದದ್ದು ಆಚೆಗೆ, ಒಳ್ಳೆಯದು ಈಚೆಗೆ. "ಕೊಳೆತದ್ದು ಒಂದು ಉಳೀತಂದ್ರ ಬುಟ್ಟಿ ಪೂರಾ ಕೊಳಸ್ತೈತಿ" ಎನ್ನುವುದು ಅವ್ವನ ಮಂತ್ರ. ಆರಿಸಿದ ಮೇಲೆ ಎರಡು ಬುಟ್ಟಿ ಅರ್ಧರ್ಧ ಉಳಿದರೆ ಸೇರಿಸಿ ಒಂದು ಮಾಡಬೇಕು. ಅರ್ಧ ಬುಟ್ಟಿ ಕಂಡರೆ ಗಿರಾಕಿಗಳು ಇದು ಯಾರೋ ಆರಿಸಿ ಬಿಟ್ಟ ಮಾಲು ಅಂದುಕೊಳ್ಳುತ್ತಾರೆ. ಹೀಗಾಗಿ ಅಕ್ಷರ ಕಲಿಯುವ ಮೊದಲೇ ನಾನು ಹಣ್ಣು ಆರಿಸಲು ಕಲಿತೆ.

ಅಕ್ಷರವನ್ನೂ ಕಲಿತೆ, ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ. ಅದರ ಬಲದಿಂದ ಸಾಂತಾಕ್ರೂಜ್ ಕಡೆಯ ಒಂದು ಕಾಲೇಜಿನಲ್ಲಿ, ಸಸ್ಯಶಾಸ್ತ್ರದ ಪ್ರಯೋಗಾಲಯದಲ್ಲಿ ಅಟೆಂಡೆಂಟ್ ಕೆಲಸ ಸಿಕ್ಕಿತು. ಗಾಜಿನ ಸಾಮಾನು ತೊಳೆಯುವುದು, ಬಿಸಿ ಆವಿಯ ಪಾತ್ರೆಯಲ್ಲಿ ಅವನ್ನು ಶುದ್ಧ ಮಾಡುವುದು, ಬೀಗ ತೆಗೆಯುವುದು, ಬೀಗ ಹಾಕುವುದು. ಅಲ್ಲಿ ಎಲ್ಲರಿಗೂ ನಾನು 'ಮೌಶಿ', ಮರಾಠಿಯಲ್ಲಿ ಚಿಕ್ಕಮ್ಮ ಎಂದರ್ಥ. ನಿವೃತ್ತಿಗೆ ಇನ್ನೊಂದು ವರ್ಷ ಇದ್ದಾಗಿನ ಮಾತು ನಾನು ಹೇಳಹೊರಟಿದ್ದು.

ಆಗ ನಮ್ಮ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಒಬ್ಬಳು ಹುಡುಗಿ ಇದ್ದಳು. ಉಡುಪಿ ಕಡೆಯವಳು ಅನ್ನಬೇಕೋ ಮುಂಬಯಿಯವಳು ಅನ್ನಬೇಕೋ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಸಾಂತಾಕ್ರೂಜ್ ಸ್ಟೇಷನ್ ಹತ್ತಿರ ಅವಳ ಅಪ್ಪನದೊಂದು ಇಡ್ಲಿ ವಡೆ ಹೋಟೆಲು. ಮನೆಯಲ್ಲಿ ತುಳು, ಹೊರಗೆ ಹಿಂದಿ. ಅವಳ ಕನ್ನಡ ಹೊಸದಾಗಿ ಸೈಕಲ್ ಕಲಿತವರ ಹಾಗೆ, ಹೋಗುತ್ತಿತ್ತು, ಆದರೆ ಯಾವಾಗ ಬೀಳುತ್ತದೋ ಹೇಳುವಂತಿರಲಿಲ್ಲ. ನಾನು ಒಂದು ದಿನ ಫೋನಿನಲ್ಲಿ ತಮ್ಮನಿಗೆ ಬಯ್ಯುವುದನ್ನು ಕೇಳಿ, "ಅರೇ ಮೌಶಿ, ನೀವು ಕನ್ನಡವಾ!" ಎಂದು ಓಡಿ ಬಂದಳು. ಅಂದಿನಿಂದ ಮಧ್ಯಾಹ್ನದ ಊಟಕ್ಕೆ ನನ್ನ ಜೊತೆಗೇ ಕುಳಿತುಕೊಳ್ಳುತ್ತಿದ್ದಳು. ನನ್ನ ರೊಟ್ಟಿ ಅವಳಿಗೆ, ಅವಳ ಅಪ್ಪನ ಹೋಟೆಲಿನ ಬಾಳೆಹಣ್ಣಿನ ಬನ್ಸು ನನಗೆ.

ಅವಳ ಕೆಲಸ ಮಾವಿನಹಣ್ಣಿನ ಕಪ್ಪು ಕಲೆಯ ಮೇಲೆ. ಆ ಕಲೆ ನನಗೆ ಹೊಸದೇ? ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೆ ಅದು ಎಲ್ಲಿಂದ ಬರುತ್ತದೆ ಎಂದು ಗೊತ್ತಾದದ್ದು ಅವಳಿಂದಲೇ. ಬೂಷ್ಟು ಬುಟ್ಟಿಯಲ್ಲಿ ಹುಟ್ಟುವುದಲ್ಲವಂತೆ. ಮರದಲ್ಲಿದ್ದಾಗಲೇ ಬಂದು ಕಾಯಿಯ ಸಿಪ್ಪೆಯಲ್ಲಿ ಸುಮ್ಮನೆ ಕೂತಿರುತ್ತದಂತೆ. ಕಾಯಿಯಲ್ಲಿ ಅದನ್ನು ತಡೆಯುವ ಶಕ್ತಿ ಇರುತ್ತದೆ, ಹಣ್ಣಾಗುತ್ತಾ ಆಗುತ್ತಾ ಆ ಶಕ್ತಿ ಇಳಿಯುತ್ತದೆ, ಆಗ ಇದು ಎದ್ದು ಹರಡುತ್ತದೆ. ಎಷ್ಟು ವರ್ಷ ನಾವು ಪಾಪದ ಬುಟ್ಟಿಯನ್ನೇ ಬೈದೆವಲ್ಲ ಅನಿಸಿತು.

"ಮತ್ತ ಅದಕ್ಕ ಎಣ್ಣಿ ಹೊಡೀತಾರಲ್ಲ, ಅದನ್ನ ಹೊಡೀರಿ" ಎಂದೆ. ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಕ್ಕೆ ಎಣ್ಣೆ ಎನ್ನುತ್ತಾರೆ.

"ಇಲ್ಲ ಮೌಶಿ. ನಾನು ಫಂಗಸ್ಸಿಗೆ ಏನೂ ಮಾಡುದಿಲ್ಲ. ಹಣ್ಣಿಗೇ ಹೇಳುದು, ನೀನೇ ಫೈಟ್ ಮಾಡು ಅಂತ."

"ಹಣ್ಣಿಗೆ ಹೇಳ್ತೀಯಾ? ಕಿವಿ ಎಲ್ಲೈತ್ಯವ್ವಾ ಅದಕ್ಕ?"

ಅವಳು ನಕ್ಕು ಒಂದು ಡಬ್ಬಿ ತೋರಿಸಿದಳು. ಒಳಗೆ ಬಿಳಿಯ ಪುಡಿ. ಅದನ್ನು ಹುಳಿನೀರಿನಲ್ಲಿ ಕರಗಿಸಿ ಹಣ್ಣನ್ನು ಅದ್ದಿ ತೆಗೆಯುವುದು. ಆ ಪುಡಿಯಲ್ಲಿರುವುದು ಬೂಷ್ಟಿನ ಮೈಮೇಲೆ ಇರುವಂಥದೇ ಪದಾರ್ಥವಂತೆ. ಅದು ಸಿಪ್ಪೆಗೆ ತಾಗಿದ ಕೂಡಲೇ ಹಣ್ಣು ವೈರಿ ಬಂದ ಎಂದು ಎಚ್ಚರವಾಗುತ್ತದೆ, ಸಿಪ್ಪೆ ಗಟ್ಟಿ ಮಾಡಿಕೊಳ್ಳುತ್ತದೆ, ಬೂಷ್ಟನ್ನು ಕರಗಿಸುವ ರಸ ತಯಾರು ಮಾಡಿಕೊಳ್ಳುತ್ತದೆ. ಎರಡು ದಿನ ಬಿಟ್ಟು ನಿಜವಾದ ವೈರಿ ಬಂದಾಗ ಎಲ್ಲ ಸಿದ್ಧವಾಗಿರುತ್ತದೆ. ನನಗೆ ಕೇಳಿ ಖುಷಿಯಾಯಿತು. ಪುಡಿಯನ್ನು ಮೂಸಿ ನೋಡಿ, ಯಾತರಿಂದ ಮಾಡುತ್ತಾರೆ ಎಂದು ಕೇಳಿದೆ.

"ಸೀಗಡಿ ಚಿಪ್ಪಿನಿಂದ" ಎಂದಳು.

ಅಯ್ಯ ಶಿವನೇ! ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ನಾನು, ಡಬ್ಬಿ ಕೆಳಗಿಟ್ಟು ಮೂರು ಸಲ ಕೈ ತೊಳೆದೆ. "ಮಾವಿನಹಣ್ಣಿಗೆ ಸೀಗಡಿ ಬಳೀತೀಯಾ? ನಿಮ್ಮಪ್ಪನ ಹೋಟೆಲಿನ್ಯಾಗ ಗೊತ್ತಾದ್ರ ನಿನ್ನ ಒಳಗ ಬಿಟ್ಕೊಳ್ಳೂದಿಲ್ಲ ನೋಡು" ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪ್ಪನ ಹೋಟೆಲು ಮಾತ್ರ ಸಸ್ಯಾಹಾರಿ, ಮನೆಯಲ್ಲಿ ಭಾನುವಾರ ಮೀನಿಲ್ಲದಿದ್ದರೆ ಅಪ್ಪನೇ ಊಟಕ್ಕೆ ಏಳುವುದಿಲ್ಲವಂತೆ.

ನಗು ಹಾಗಿರಲಿ, ಆ ವರ್ಷ ಹುಡುಗಿಯ ಪರಿಸ್ಥಿತಿ ಚೆನ್ನಾಗಿರಲಿಲ್ಲ. ಅವಳಿಗೆ ಮಾರ್ಗದರ್ಶನ ಮಾಡುತ್ತಿದ್ದ ಮೇಡಂ ಮರಾಠಿಯವರು, ಮಾತು ಕಡಿಮೆ, ಆಡಿದರೆ ಎರಡಿಲ್ಲ. ಹಿಂದಿನ ಎರಡು ಹಂಗಾಮಿನಲ್ಲಿ ಫಲಿತಾಂಶ ಒಮ್ಮೆ ಹೌದು ಒಮ್ಮೆ ಇಲ್ಲ ಎಂದು ಬಂದಿತ್ತು. ಈ ಹಂಗಾಮಿನಲ್ಲೂ ಸ್ಪಷ್ಟವಾಗಿ ಬರದಿದ್ದರೆ ಈ ವಿಷಯ ಬಿಟ್ಟುಬಿಡಬೇಕು, ಬೇರೆ ವಿಷಯ ಹಿಡಿದು ಮೊದಲಿನಿಂದ ಶುರು ಮಾಡಬೇಕು ಎಂದು ಮೇಡಂ ಹೇಳಿಬಿಟ್ಟಿದ್ದರು. ಮೂರು ವರ್ಷದ ಕೆಲಸ ನೀರಿಗೆ ಹೋಗುತ್ತದೆ. ಹುಡುಗಿ ತೆಳ್ಳಗಾಗಿದ್ದಳು. ಊಟದ ಡಬ್ಬಿ ತೆರೆದು ಸುಮ್ಮನೆ ನೋಡುತ್ತ ಕೂರುತ್ತಿದ್ದಳು. ನನಗೆ ಸಂಕಟವಾಗುತ್ತಿತ್ತು, ಅದಕ್ಕೆ ಬೈಯುತ್ತಿದ್ದೆ. ನನಗೆ ಸಂಕಟವಾದರೆ ಬಾಯಿಗೆ ಬರುವುದು ಬೈಗುಳವೇ.

ಮೇ ತಿಂಗಳಲ್ಲಿ ಅವಳು ಎರಡು ಪೆಟ್ಟಿಗೆ ಆಪೂಸ್ ಮಾವು ತರಿಸಿದಳು. ಒಂದೊಂದರಲ್ಲಿ ಎರಡು ಡಜನ್. ಒಂದು ಪೆಟ್ಟಿಗೆಯ ಹಣ್ಣನ್ನು ಸೀಗಡಿಪುಡಿಯ ನೀರಿನಲ್ಲಿ ಅದ್ದಿ, ಆ ಪೆಟ್ಟಿಗೆಗೆ ಹಸಿರು ದಾರ ಕಟ್ಟಿದಳು. ಇನ್ನೊಂದನ್ನು ಬರಿಯ ಹುಳಿನೀರಿನಲ್ಲಿ ಅದ್ದಿ ಬಿಳಿ ದಾರ ಕಟ್ಟಿದಳು. ಎರಡು ದಿನದ ನಂತರ ಪ್ರತಿ ಹಣ್ಣಿಗೂ ಸೂಜಿಯಿಂದ ಒಂದು ಚುಚ್ಚು ಹಾಕಿ ಅದರಲ್ಲಿ ಬೂಷ್ಟು ಬಿಟ್ಟಳು. ಪೆಟ್ಟಿಗೆಗಳನ್ನು ಸ್ಟೋರ್‌ರೂಮಿನಲ್ಲಿಟ್ಟು ಎಸಿ ಹಾಕಿದಳು. ಇನ್ನು ಐದು ದಿನ ಕಾಯುವುದು, ಆಮೇಲೆ ಕಲೆ ಎಷ್ಟು ಹರಡಿದೆ ಎಂದು ಅಳೆಯುವುದು.

ಮಾರನೇ ದಿನವೇ ಅವಳಿಗೆ ಜ್ವರ ಬಂತು. ಏಳಲಾರದಂಥ ಜ್ವರ. ಫೋನ್ ಮಾಡಿ, "ಮೌಶಿ, ದಿನಾ ಬೆಳಿಗ್ಗೆ ರೂಮ್ ಓಪನ್ ಮಾಡಿ ಟೆಂಪರೇಚರ್ ಬರೀರಿ ಅಲ್ಲಾ. ಬಾಕಿ ಎಂತ ಇಲ್ಲ" ಎಂದಳು. ನಾನು, "ನೀ ಮಲಕ್ಕೋ, ನಾ ಅದೀನಿ" ಎಂದೆ.

ಎರಡು ದಿನ ಬರೆದೆ. ಮೂರನೆಯ ದಿನ, ಅದೊಂದು ಶನಿವಾರ, ಬಾಗಿಲು ತೆಗೆದರೆ ಮೂಗಿಗೆ ವಾಸನೆ ಹೊಡೆಯಿತು. ಪೆಟ್ಟಿಗೆಯ ಹುಲ್ಲು ಸರಿಸಿ ನೋಡಿದೆ. ಕೆಲವು ಹಣ್ಣು ಅಚ್ಚಹಳದಿಯಾಗಿ ನಗುತ್ತಿದ್ದವು. ಅವುಗಳ ಪಕ್ಕದಲ್ಲೇ ಕೆಲವಕ್ಕೆ ರೂಪಾಯಿಯಗಲದ ಕಪ್ಪು ಕಲೆ, ಒಂದೆರಡು ಸೋರುತ್ತಲೂ ಇದ್ದವು. ಒಳ್ಳೆಯ ಹಣ್ಣಿನ ಮೈಗೆ ಕೊಳೆತದ್ದು ತಾಗಿಕೊಂಡು ಕೂತಿತ್ತು. ಆಮೇಲೆ ನಾನು ಏನು ಯೋಚಿಸಿದೆ ಎಂದು ಕೇಳಿದರೆ, ಏನೂ ಯೋಚಿಸಲಿಲ್ಲ. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತೆ. ಕೆಟ್ಟದ್ದನ್ನು ಒಂದೊಂದಾಗಿ ತೆಗೆದು ಬಕೆಟಿಗೆ ಇಟ್ಟೆ. ಒಳ್ಳೆಯದನ್ನು ಬಟ್ಟೆಯಿಂದ ಒರೆಸಿದೆ. ಎರಡು ಪೆಟ್ಟಿಗೆಯೂ ಅರ್ಧರ್ಧವಾದವು. ಸೇರಿಸಿ ಒಂದನ್ನು ತುಂಬಿದೆ, ಉಳಿದ ಐದನ್ನು ಪಕ್ಕಕ್ಕಿಟ್ಟೆ. ಹುಡುಗಿ ಬಂದು ನೋಡಿದರೆ ಎಷ್ಟು ಚೊಕ್ಕಟವಾಗಿ ಇಟ್ಟಿದ್ದಾಳೆ ಮೌಶಿ ಅನ್ನಬೇಕು ಎಂದು ಹಿಗ್ಗಿಕೊಂಡು, ಖಾಲಿ ಪೆಟ್ಟಿಗೆ ಎತ್ತಿ ಗೋಡೆಗೆ ಆನಿಸಲು ಹೋದೆ. ಅದಕ್ಕೆ ಕಟ್ಟಿದ್ದ ಹಸಿರು ದಾರ ಕೈಗೆ ಸಿಕ್ಕಿತು.

ಯಾವುದು ಪುಡಿಯಲ್ಲಿ ಅದ್ದಿದ ಹಣ್ಣು, ಯಾವುದು ಬರಿಯ ಹುಳಿನೀರಿನದು? ಹಣ್ಣಿನ ಮೇಲೆ ಗುರುತಿರಲಿಲ್ಲ, ಗುರುತು ಪೆಟ್ಟಿಗೆಗೆ ಮಾತ್ರ. ನಾನು ಎರಡನ್ನೂ ಕಲೆಸಿಬಿಟ್ಟಿದ್ದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಅವಳ ಮೂರು ವರ್ಷವನ್ನು ನಾನು ಅರ್ಧ ಗಂಟೆಯಲ್ಲಿ, ಅದೂ ಹಾಡು ಗುನುಗುತ್ತಾ, ಹಾಳು ಮಾಡಿದ್ದೆ.

ಇಲ್ಲಿಯವರೆಗಿನದು ತಪ್ಪು. ಇನ್ನು ಮುಂದಿನದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ಬರೆಯುತ್ತೇನೆ. ಅಲ್ಲೇ ಕುಳಿತು ಒಂದಿಷ್ಟು ಅತ್ತೆ. ಅತ್ತು ಕಣ್ಣೊರೆಸಿಕೊಂಡ ಮೇಲೆ ಒಂದು ಬುದ್ಧಿ ಹೊಳೆಯಿತು. ಹುಡುಗಿ ಹೇಳಿದ ಮಾತು ಸುಳ್ಳಿರಲಾರದು, ಪುಡಿಯಲ್ಲಿ ಅದ್ದಿದ ಹಣ್ಣೇ ಚೆನ್ನಾಗಿ ಉಳಿದಿರಬೇಕು, ಬರಿಯ ಹುಳಿನೀರಿನದು ಕೊಳೆತಿರಬೇಕು. ಹಾಗಾದರೆ ಒಳ್ಳೆಯದನ್ನೆಲ್ಲ ಹಸಿರು ದಾರದ ಪೆಟ್ಟಿಗೆಯಲ್ಲಿ, ಕೆಟ್ಟದ್ದನ್ನೆಲ್ಲ ಬಿಳಿ ದಾರದ್ದರಲ್ಲಿ ಇಟ್ಟರೆ ಎಲ್ಲ ಮೊದಲಿನ ಹಾಗೇ ಆಯಿತಲ್ಲ? ಬಕೆಟಿನಿಂದ ಹಣ್ಣುಗಳನ್ನು ಎತ್ತಿದೆ. ಪುಣ್ಯಕ್ಕೆ ಮೆಲ್ಲಗೇ ಇಟ್ಟಿದ್ದೆ, ಹಣ್ಣನ್ನು ಎಸೆಯುವ ಕೈಯಲ್ಲ ನಮ್ಮದು. ಬಿಳಿ ದಾರದ ಪೆಟ್ಟಿಗೆಯಲ್ಲಿ ಕೆಟ್ಟದ್ದು ಹದಿನೇಳು, ಒಳ್ಳೆಯದು ಏಳು. ಹಸಿರು ದಾರದ್ದರಲ್ಲಿ ಇಪ್ಪತ್ತೆರಡು ಒಳ್ಳೆಯದು. ಎಲ್ಲವೂ ಒಳ್ಳೆಯದೇ ಇದ್ದರೆ ಅನುಮಾನ ಬರುತ್ತದೆಂದು ಅದರ ಮೂಲೆಯಲ್ಲಿ ಎರಡು ಕೆಟ್ಟದ್ದನ್ನೂ ಇಟ್ಟೆ. ಆ ಎರಡು ಇಟ್ಟೆನಲ್ಲ, ಅದು ತಪ್ಪಲ್ಲ, ಕಳ್ಳತನ. ಇಡುವಾಗ ನನಗೂ ಗೊತ್ತಿತ್ತು.

ಸೋಮವಾರ ಹುಡುಗಿ ಬಂದಳು. ಮುಖ ಬಿಳುಚಿಕೊಂಡಿತ್ತು. ನೇರ ಸ್ಟೋರ್‌ರೂಮಿಗೆ ಹೋದಳು. ನಾನು ಸಿಂಕಿನ ಮುಂದೆ ನಿಂತು ತೊಳೆದ ಗಾಜನ್ನೇ ತೊಳೆಯುತ್ತಿದ್ದೆ. ಒಳಗಿನಿಂದ ಒಂದು ಕೂಗು ಕೇಳಿಸಿತು. ಓಡಿ ಬಂದವಳೇ ನನ್ನನ್ನು ಹಿಂದಿನಿಂದ ತಬ್ಬಿಕೊಂಡಳು.

"ಮೌಶಿ, ಆಯ್ತು! ಗ್ರೀನ್‌ನಲ್ಲಿ ಎರಡೇ ಹಾಳಾಗಿದೆ, ಓನ್ಲೀ ಎರಡು! ವೈಟ್ ಪೂರಾ ಖತಂ!"

ಅಪ್ಪನಿಗೆ ಫೋನ್ ಮಾಡಿ ತುಳುವಿನಲ್ಲಿ ಒಂದೇ ಉಸಿರಿನಲ್ಲಿ ಹೇಳಿದಳು. ಆ ಭಾಷೆ ನನಗೆ ಬರುವುದಿಲ್ಲ, ಆದರೂ ಪ್ರತಿಯೊಂದು ಮಾತೂ ಅರ್ಥವಾಯಿತು. ಮೇಡಂ ಬಂದು ಕನ್ನಡಕ ಏರಿಸಿ ಎರಡೂ ಪೆಟ್ಟಿಗೆ ನೋಡಿದರು, ಫೋಟೊ ತೆಗೆಸಿದರು, ಹುಡುಗಿಯ ಬೆನ್ನು ತಟ್ಟಿದರು. ಮುಂದಿನ ತಿಂಗಳು ಸಂಶೋಧಕರದೊಂದು ಸಭೆಯಿದೆ, ಅಲ್ಲಿಗೆ ಇದನ್ನು ಬರೆದು ಕಳಿಸು ಎಂದು ಮರಾಠಿಯಲ್ಲಿ ಹೇಳಿದರು. ಮಧ್ಯಾಹ್ನ ಅವಳ ಅಪ್ಪ ಹೋಟೆಲಿನಿಂದ ಇಡೀ ವಿಭಾಗಕ್ಕೆ ಗೋಳಿಬಜೆ ಕಳಿಸಿದ. ಎಲ್ಲರಿಗಿಂತ ಮೊದಲು ನನ್ನ ತಟ್ಟೆಗೆ ಹಾಕಿದಳು ಹುಡುಗಿ. "ಇವರೇ ನೋಡ್ಕೊಂಡದ್ದು" ಎಂದು ಎಲ್ಲರಿಗೂ ಹೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನದು ಅದೇ ಅವಸ್ಥೆ.

ಆ ವಾರವೆಲ್ಲ ನನ್ನೊಳಗೆ ಜಗಳ ನಡೆಯಿತು. ಯಾರಿಗೆ ನಷ್ಟವಾಯಿತು, ಎಲ್ಲರೂ ಖುಷಿಯಾಗಿದ್ದಾರೆ, ಹುಡುಗಿ ಊಟ ಮಾಡುತ್ತಿದ್ದಾಳೆ, ಬಾಯಿ ಮುಚ್ಚಿಕೊಂಡು ಇರು ಎಂದು ಒಂದು ಮನಸ್ಸು. ಇನ್ನೊಂದು ಮನಸ್ಸು ಏನೂ ಹೇಳುತ್ತಿರಲಿಲ್ಲ, ಸುಮ್ಮನೆ ನೋಡುತ್ತಿತ್ತು. ಲೋಕಲ್ ರೈಲಿನಲ್ಲಿ ಕಿಟಕಿ ಸೀಟು ಸಿಕ್ಕರೂ ಹೊರಗೆ ಏನಿದೆ ಎಂದು ಕಾಣುತ್ತಿರಲಿಲ್ಲ. ಅವಳು ಸಭೆಯಲ್ಲಿ ಇದನ್ನು ಹೇಳುತ್ತಾಳೆ. ಅದನ್ನು ನಂಬಿ ಬೇರೆ ಯಾರೋ ಹಾಗೇ ಮಾಡುತ್ತಾರೆ. ಎಲ್ಲೋ ಒಬ್ಬಳು ಬುಟ್ಟಿಯವಳು ಅದ್ದಿ ಇಟ್ಟ ಹಣ್ಣು ನಂಬಿ ಕೂತು, ಅದು ಕೊಳೆತರೆ? ಆಗ ಸುಳ್ಳುಗಾರ್ತಿ ಅನಿಸಿಕೊಳ್ಳುವವಳು ಈ ಹುಡುಗಿ, ನಾನಲ್ಲ. ಶುಕ್ರವಾರ ಬೆಳಗ್ಗೆ ಅವಳು ಕಂಪ್ಯೂಟರಿನಲ್ಲಿ ಫೋಟೊ ಜೋಡಿಸುತ್ತ ಕುಳಿತಿದ್ದಳು. ಹೋಗಿ ಪಕ್ಕದಲ್ಲಿ ನಿಂತೆ.

"ಆ ಪೆಟ್ಟಿಗಿ ನಾ ಜೋಡ್ಸಿದ್ದು" ಎಂದೆ.

"ಮತಲಬ್?"

ಎಲ್ಲ ಹೇಳಿದೆ. ಬಕೆಟ್ಟು, ಬಟ್ಟೆ, ದಾರ, ಮೂಲೆಯಲ್ಲಿಟ್ಟ ಆ ಎರಡು ಹಣ್ಣು. ಕೊನೆಗೆ, "ಎರಡು ಯಾಕೆ ಇಟ್ರಿ?" ಎಂದು ಕೇಳಿದಳು.

"ಖರೇ ಅನಸ್ಲಿ ಅಂತ."

ಅವಳು ಕಂಪ್ಯೂಟರ್ ಮುಚ್ಚಿದಳು. ಬೈದಿದ್ದರೆ ಒಳ್ಳೆಯದಿತ್ತು. ಬೈಗುಳ ನನಗೆ ಗೊತ್ತಿರುವ ಭಾಷೆ. ಅವಳು ಎದ್ದು ಮೇಡಂ ಕೋಣೆಗೆ ಹೋದಳು. ಬಾಗಿಲ ಹೊರಗೆ ನಿಂತಿದ್ದ ನನಗೆ ಅವಳ ಮಾತು ಕೇಳಿಸಿತು. ಹಣ್ಣು ಕಲೆಸಿಹೋಗಿದೆ, ಪ್ರತಿ ಹಣ್ಣಿಗೆ ಗುರುತು ಹಾಕದಿದ್ದದ್ದು ನನ್ನದೇ ತಪ್ಪು, ಫಲಿತಾಂಶ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಹೇಳುತ್ತಿದ್ದಳು. ನನ್ನ ಹೆಸರೇ ಎತ್ತಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿ, "ಇಕಿ ಯಾಕ ತನ್ನ ತಲಿ ಮ್ಯಾಲ ತೊಗೋತಾಳ! ಮಾಡಿದಾಕಿ ನಾನು!" ಎಂದು ಕೂಗಾಡಿದೆ. ಮೇಡಂಗೆ ಕನ್ನಡ ಬರುವುದಿಲ್ಲ ಎನ್ನುವುದು ಆಮೇಲೆ ನೆನಪಾಗಿ, ಮರಾಠಿಯಲ್ಲಿ ಇನ್ನೊಮ್ಮೆ ಕೂಗಾಡಿದೆ.

ಮೇಡಂ ಕೈ ಚಾಚಿ ಸ್ಟೋರ್‌ರೂಮಿನ ಬೀಗದ ಕೈ ಕೊಡು ಎಂದರು, ಕೊಟ್ಟೆ. ಹುಡುಗಿಯ ಕಡೆ ತಿರುಗಿ, ಆಪೂಸ್ ಮುಗಿಯಿತು, ಮಳೆ ಬಂದ ಮೇಲೆ ಬರುವ ನೀಲಂ ಮಾವಿನಲ್ಲಿ ಒಮ್ಮೆ ಮಾಡು, ಅದೇ ಕೊನೆ ಎಂದರು.

ಆಮೇಲಿನ ದಿನಗಳಲ್ಲಿ ಹುಡುಗಿ ಊಟಕ್ಕೆ ಬೇರೆ ಕಡೆ ಕೂರತೊಡಗಿದಳು. ಎದುರಿಗೆ ಸಿಕ್ಕರೆ "ಹಾಂ ಮೌಶಿ" ಅಷ್ಟೇ. ನಾನು ದಿನಾ ಎರಡು ರೊಟ್ಟಿ ಹೆಚ್ಚಿಗೆ ತರುವುದು, ಸಂಜೆ ವಾಪಸ್ಸು ಒಯ್ಯುವುದು. ಮಾಡಿದ್ದುಣ್ಣೋ ಮಹಾರಾಯ ಎಂದು ನನಗೆ ನಾನೇ ಹೇಳಿಕೊಂಡೆ, ಆದರೆ ಉಣ್ಣುವುದು ಅಷ್ಟು ಸುಲಭವಿರಲಿಲ್ಲ.

ಜೂನ್ ಕೊನೆಗೆ ನೀಲಂ ಬಂತು. ಹಿಂದಿನ ಎರಡು ಹಂಗಾಮು ಅವಳಿಗೆ ಯಾಕೆ ಒಮ್ಮೆ ಹೌದು ಒಮ್ಮೆ ಇಲ್ಲ ಎಂದು ಬಂದಿತ್ತು ಎಂಬುದು ನನಗೆ ಗೊತ್ತಿತ್ತು. ವ್ಯಾಪಾರಿ ಕಳಿಸಿದ ಪೆಟ್ಟಿಗೆಯಲ್ಲಿ ಎಳೆಯದು, ಬಲಿತದ್ದು ಎರಡೂ ಇರುತ್ತವೆ. ಎಳೆಯದಕ್ಕೆ ಒಂದು ತ್ರಾಣ, ಬಲಿತದ್ದಕ್ಕೆ ಒಂದು ತ್ರಾಣ. ಮೊದಲೂ ಹೇಳಬಹುದಿತ್ತು, ಓದಿದವರಿಗೆ ನಾನೇನು ಹೇಳುವುದು ಎಂದು ಸುಮ್ಮನಿದ್ದೆ. ಈಗ ಹೋಗಿ ಅವಳ ಮುಂದೆ ನಿಂತೆ.

"ಹಣ್ಣು ಆರ್ಸಿ ಕೊಡ್ತೀನಿ. ಪೆಟ್ಟಿಗಿ ಮುಟ್ಟೂದಿಲ್ಲ, ರೂಮಿಗೆ ಬರೂದಿಲ್ಲ. ಮಾರ್ಕೆಟ್‌ನ್ಯಾಗ ಆರ್ಸಿ ಕೊಟ್ಟು ನನ್ನ ಹಾದಿ ನಾ ಹಿಡೀತೀನಿ."

"ನಾಳೆ ಎಷ್ಟು ಗಂಟೆಗೆ?" ಎಂದಳು.

ಬೆಳಗ್ಗೆ ಆರಕ್ಕೆ ವಾಶಿಯ ಹಣ್ಣಿನ ಮಾರ್ಕೆಟ್ಟಿಗೆ ಹೋದೆವು. ಮಳೆ ಹೊಡೆಯುತ್ತಿತ್ತು. ಹುಲ್ಲಿನ ರಾಶಿಯಲ್ಲಿ ಕಾಲು ಮುಳುಗಿಸಿಕೊಂಡು ನಾನು ನೂರಾರು ಕಾಯಿ ಕೈಗೆತ್ತಿಕೊಂಡೆ. ತೊಟ್ಟಿನ ಎರಡೂ ಪಕ್ಕ ಹೆಗಲು ತುಂಬಿರಬೇಕು, ಮೈ ಗಟ್ಟಿ ಇರಬೇಕು, ತೂಕ ಒಂದೇ ಇರಬೇಕು. ವ್ಯಾಪಾರಿ ಗೊಣಗಿದ. "ನಿಂದರೋ ಮಾರಾಯಾ, ನಿನ್ನ ಮಗಳ ಲಗ್ನಕ್ಕ ವರಾ ಹುಡುಕೂ ಮುಂದ ಅವಸರ ಮಾಡ್ತೀಯೇನು?" ಎಂದು ಹಿಂದಿಯಲ್ಲಿ ತಿರುಗಿಸಿ ಕೇಳಿದ್ದಕ್ಕೆ ಅವನೇ ನಕ್ಕು ಇನ್ನೆರಡು ಪೆಟ್ಟಿಗೆ ಒಡೆದ. ನಲವತ್ತೆಂಟು ಕಾಯಿ ಆರಿಸಿದೆ. ಹುಡುಗಿ ಹೆಗಲು ಎಂದರೆ ಯಾವುದು ಎಂದು ಕೇಳಿ, ಮುಟ್ಟಿ ನೋಡಿ, ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಕಾಲೇಜಿನ ಗೇಟಿನವರೆಗೆ ಹೊತ್ತು ತಂದು ಕೊಟ್ಟು, ಹೇಳಿದ ಹಾಗೆ ನನ್ನ ಹಾದಿ ನಾನು ಹಿಡಿದೆ.

ಮುಂದಿನ ವಾರವೆಲ್ಲ ಆ ಬಾಗಿಲ ಮುಂದೆ ಹಾಯುವಾಗ ಮುಖ ಆಚೆ ತಿರುಗಿಸಿಕೊಂಡೇ ಹೋದೆ. ಅಳೆಯುವ ದಿನ ಹುಡುಗಿ ನನ್ನನ್ನು ಕರೆದಳು. ಸ್ಟೋರ್‌ರೂಮಿನಲ್ಲಿ ಮೇಜಿನ ಮೇಲೆ ನಲವತ್ತೆಂಟು ಹಣ್ಣು ಸಾಲಾಗಿದ್ದವು, ಪ್ರತಿಯೊಂದಕ್ಕೂ ಒಂದು ಅಂಕಿಯ ಚೀಟಿ ಅಂಟಿಸಿತ್ತು. ಹಸಿರು ದಾರವೂ ಇಲ್ಲ, ಬಿಳಿ ದಾರವೂ ಇಲ್ಲ.

"ಮೌಶಿ, ನೀವು ಸ್ಕೇಲ್ ಇಟ್ಟು ಕಲೆ ಅಳೀರಿ. ನಾನು ಬರೀತೇನೆ."

"ಯಾವುದು ಪುಡಿಯೊಳಗ ಅದ್ದಿದ್ದು, ಯಾವುದು ಬರೇ ನೀರಿಂದು?"

"ಅದು ನಿಮಗೆ ಗೊತ್ತಾಗ್ಬಾರ್ದು."

ಸರಿಯೇ ಇದೆ, ಕಳ್ಳಿಯ ಕೈಗೆ ಯಾರು ಗುಟ್ಟು ಕೊಡುತ್ತಾರೆ ಎಂದುಕೊಂಡು ಸ್ಕೇಲ್ ಎತ್ತಿಕೊಂಡೆ. ಆದರೂ ಬಾಯಿ ಕೇಳಲಿಲ್ಲ. "ನನ್ನ ಮ್ಯಾಲ ನಂಬಿಗಿ ಇಲ್ಲಂದ್ರ ನೀನ ಅಳಕೋಬೇಕಿತ್ತವ್ವಾ, ನನ್ನ ಯಾಕ ಕರದಿ?" ಎಂದುಬಿಟ್ಟೆ.

"ನನಗೂ ಗೊತ್ತಿಲ್ಲ ಮೌಶಿ" ಎಂದಳು ಅವಳು. "ಅದ್ದಿದ್ದು, ನಂಬರ್ ಹಾಕಿದ್ದು, ಮಿಕ್ಸ್ ಮಾಡಿದ್ದು ಎಲ್ಲ ಬೇರೆಯವರು. ಲಿಸ್ಟ್ ಮೇಡಂ ಹತ್ರ ಉಂಟು. ನನ್ನ ಮೇಲೆ ನನಗೇ ಭರವಸೆ ಇಲ್ಲ. ನೀವು ನನಗೋಸ್ಕರ ಒಂದೇ ದಿನ ಹಾಗೆ ಮಾಡಿದ್ರಿ. ನಾನು ಮನಸ್ಸಲ್ಲಿ ದಿನಾ ಮಾಡ್ತೇನೆ. ಸ್ಕೇಲ್ ನನ್ನ ಕೈಯಲ್ಲಿದ್ರೆ ಸ್ವಲ್ಪ ಈ ಕಡೆ, ಸ್ವಲ್ಪ ಆ ಕಡೆ ಸರೀತದೆ. ಮತ್ತೆ ನೀವು ಬಂದು ಹೇಳಿದ್ರಿ ಅಲ್ಲಾ. ನಾನಾಗಿದ್ರೆ ಹೇಳ್ತಿದ್ನಾ ಗೊತ್ತಿಲ್ಲ."

ಹಣ್ಣು ಎತ್ತಿಕೊಂಡೆ. ನಲವತ್ತೆಂಟನ್ನೂ ಎರಡೆರಡು ಸಲ ಅಳೆದೆ. ಯಾವುದೋ ಹಣ್ಣಿನ ಕಲೆ ಗೆರೆಯಿಂದ ಕೂದಲೆಳೆ ಆಚೆಗಿದ್ದರೆ ಅದನ್ನೂ ಹೇಳಿದೆ. ಅವಳು ತಲೆ ಎತ್ತದೆ ಬರೆದಳು. ಮುಗಿದ ಮೇಲೆ ಮೇಡಂ ಬಂದು ಕುರ್ಚಿಯಲ್ಲಿ ಕುಳಿತು, ಲಕೋಟೆ ಒಡೆದು, ಅಂಕಿ ಓದತೊಡಗಿದರು. ಒಂದು, ಅದ್ದಿದ್ದು. ಎರಡು, ಅದ್ದಿದ್ದು. ಮೂರು, ಬರಿಯ ನೀರು. ಹುಡುಗಿ ತನ್ನ ಪಟ್ಟಿಯಲ್ಲಿ ಗುರುತು ಹಾಕುತ್ತ ಹೋದಳು.

ಕೊನೆಯ ಅಂಕಿ ಮುಗಿದಾಗ ಅವಳು ಎರಡು ಸಲ ಎಣಿಸಿದಳು. ಬರಿಯ ನೀರಿನ ಇಪ್ಪತ್ನಾಲ್ಕರಲ್ಲಿ ಇಪ್ಪತ್ತೊಂದಕ್ಕೆ ಕಲೆ ದೊಡ್ಡದಾಗಿ ಹರಡಿತ್ತು. ಅದ್ದಿದ್ದರಲ್ಲಿ ಒಂಬತ್ತಕ್ಕೆ ಹರಡಿತ್ತು, ಉಳಿದ ಹದಿನೈದರಲ್ಲಿ ಸೂಜಿ ಚುಚ್ಚಿದ ಜಾಗದ ಸುತ್ತ ಒಂದು ಒಣ ಚುಕ್ಕೆ ಮಾತ್ರ. ಅಲ್ಲಿ ಹಣ್ಣು ತಾನಾಗಿಯೇ ಅದನ್ನು ತಡೆದು ನಿಲ್ಲಿಸಿತ್ತು. ಮೇಡಂ ಎರಡೂ ಪಟ್ಟಿ ತೆಗೆದುಕೊಂಡು ನೋಡಿ, "ಬರೆ" ಎಂದು ಒಂದೇ ಮಾತು ಹೇಳಿ ಎದ್ದು ಹೋದರು.

ನನಗೆ ಆ ಒಂಬತ್ತು ಕಣ್ಣಿಗೆ ಚುಚ್ಚುತ್ತಿದ್ದವು. "ನಾ ಆರ್ಸಿದ್ದು ಎಲ್ಲ್ಯರ ತಪ್ಪಿತೇನು? ಒಂಬತ್ತು ಹ್ವಾದುವಲ್ಲ" ಎಂದೆ.

ಹುಡುಗಿ ಆ ಒಂಬತ್ತು ಹಣ್ಣನ್ನು ಒಂದೊಂದಾಗಿ ಮುಂದಕ್ಕೆ ಎಳೆದುಕೊಂಡಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು.

"ನೀವು ಎರಡೇ ಇಟ್ಟಿದ್ರಿ ಮೌಶಿ. ತುಂಬಾ ಚಂದ ಕಾಣ್ತಿತ್ತು. ಆದ್ರೆ ಇದು ಯಾಕೆ ತಡೀಲಿಲ್ಲ ಅಂತ ಹುಡುಕುದೇ ಇನ್ನು ಮುಂದೆ ನನ್ನ ಕೆಲಸ. ಈ ಒಂಬತ್ತು ನನಗೆ ಬೇಕು."

ಪ್ರೀತಿಯಿಂದ ಪೆಟ್ಟಿಗೆ ಚಂದ ಮಾಡಲು ಹೋಗಿ ನಾನು ಅವಳಿಗೆ ಸಿಗದಂತೆ ಮಾಡಿದ್ದು ಇಂಥ ಹಣ್ಣುಗಳನ್ನೇ. ಅವಳು ಆ ಹಣ್ಣುಗಳ ಅಂಕಿ ಬರೆದುಕೊಳ್ಳುತ್ತಿದ್ದಳು, ನಾನು ಸ್ಟೂಲಿನ ಮೇಲೆ ಕುಳಿತು ಅತ್ತುಬಿಟ್ಟೆ.